ಕೆರಟೋಕೋನಸ್: ಲೆನ್ಸ್ ಕೊಂಡರೆ ಸಾಲದು, ಕೂರಿಸುವವರೂ ಬೇಕು

ಚೌತಿ ದಿನ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಅಂತಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಸಂಜೆ ಅಂಗಳದಲ್ಲಿ ತಪ್ಪಿ ತಲೆ ಎತ್ತಿಬಿಟ್ಟೆ. ನನಗೆ ಕಂಡಿದ್ದು ಒಂದಲ್ಲ, ನಾಲ್ಕು ಚಂದ್ರ. ನಾಲ್ಕು ಕುಡುಗೋಲನ್ನು ಒಂದರ ಕೆಳಗೊಂದು ನೇತುಹಾಕಿದ ಹಾಗೆ. ತಂಗಿಗೆ ಹೇಳಿದರೆ, "ಹಂಗಾದ್ರೆ ನಿಂಗೆ ಅಪವಾದನೂ ನಾಕ್ ಪಟ್ಟು" ಎಂದು ನಕ್ಕಳು. ನಾನೂ ನಕ್ಕೆ. ಅಷ್ಟು ಹೊತ್ತಿಗಾಗಲೇ ಮೂರು ವರ್ಷದಲ್ಲಿ ಐದು ಕನ್ನಡಕ ಬದಲಾಗಿತ್ತು. ಪ್ರತಿ ಸಲವೂ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಓರೆ ಬಾಗನ್ನು ತಿದ್ದುವ ನಂಬರ್, ಏರುತ್ತಿತ್ತು, ಪ್ರತಿ ಸಲವೂ ಹೊಸ ಕನ್ನಡಕ ಒಂದು ವಾರ ಮಾತ್ರ ಹೊಸದಾಗಿರುತ್ತಿತ್ತು. ಅಂಗಡಿಯವರು "ಮೊಬೈಲ್ ಕಡಿಮೆ ಮಾಡು" ಎಂದರು. ನಾನು ಕಡಿಮೆ ಮಾಡಿದೆ. ಚಂದ್ರ ಕಡಿಮೆಯಾಗಲಿಲ್ಲ.

ಆಮೇಲೆ ಶಿವಮೊಗ್ಗದಲ್ಲಿ ಕಾರ್ನಿಯಾದ ನಕ್ಷೆ ತೆಗೆದಾಗ ಕಾಯಿಲೆಯ ಹೆಸರು ಸಿಕ್ಕಿತು. ಕೆರಟೋಕೋನಸ್. ಆ ನಕ್ಷೆಯಲ್ಲಿ ನಮ್ಮ ಗುಡ್ಡಗಳ ಹಾಗೆಯೇ ಎತ್ತರ ತಗ್ಗು ಇರುತ್ತದೆ. ಚಪ್ಪಟೆ ಜಾಗ ನೀಲಿ, ಕಡಿದಾದ ಜಾಗ ಕೆಂಪು. ನನ್ನ ಎರಡೂ ಕಣ್ಣಿನ ಕೆಳಭಾಗದಲ್ಲಿ ಒಂದೊಂದು ಕೆಂಪು ಗುಡ್ಡ ಎದ್ದಿತ್ತು.

ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಆದರೆ ಕಣ್ಣು ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಇದರದ್ದೇ. ಕೆರಟೋಕೋನಸ್‌ನಲ್ಲಿ ಈ ಪದರ ಸಾಮಾನ್ಯವಾಗಿ ನಡುವಿಗಿಂತ ಸ್ವಲ್ಪ ಕೆಳಗೆ ತೆಳುವಾಗುತ್ತಾ ಹೋಗುತ್ತದೆ. ತೆಳುವಾದ ಜಾಗ ಮುಂದಕ್ಕೆ ಉಬ್ಬಿ ಶಂಕುವಿನ ಆಕಾರ ಪಡೆಯುತ್ತದೆ. ಹೆಚ್ಚಿನವರಿಗೆ ಹೈಸ್ಕೂಲು, ಕಾಲೇಜಿನ ವಯಸ್ಸಿನಲ್ಲಿ ಶುರುವಾಗಿ ಮೂವತ್ತು, ನಲವತ್ತರ ಹೊತ್ತಿಗೆ ತಾನಾಗಿ ನಿಧಾನವಾಗುತ್ತದೆ. ಅಂದರೆ ಓದುವ, ಕೆಲಸ ಹುಡುಕುವ, ಮದುವೆಯಾಗುವ ವರ್ಷಗಳನ್ನೇ ಸರಿಯಾಗಿ ಹಿಡಿದು ಕಾಡುತ್ತದೆ.

ಇದು ಹೊಸ ಕಾಯಿಲೆ ಅಲ್ಲ. ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್ ಎಂಬ ವೈದ್ಯ 1854ರಲ್ಲೇ ಇದನ್ನು ವಿವರವಾಗಿ ಬರೆದಿದ್ದ. ಎರಡು ಸಾವಿರಕ್ಕೆ ಒಬ್ಬರಿಗೆ ಬರುವ ಅಪರೂಪದ ತೊಂದರೆ ಎಂದು ಬಹಳ ಕಾಲ ಪಠ್ಯಪುಸ್ತಕಗಳು ಹೇಳಿಕೊಂಡು ಬಂದವು. ನಾಗಪುರದ ಹತ್ತಿರದ ಹಳ್ಳಿಗಳಲ್ಲಿ ಮೂವತ್ತು ದಾಟಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಮಾತ್ರ ನೂರಕ್ಕೆ 2.3 ಎಂದಿತು. ಅಲ್ಲಿ ಕಾರ್ನಿಯಾದ ಪೂರ್ತಿ ನಕ್ಷೆ ತೆಗೆದಿರಲಿಲ್ಲ, ಬರೀ ವಕ್ರತೆ ಅಳೆದಿದ್ದರು. ಹಾಗಾಗಿ ಆ ಅಂಕಿಯನ್ನು ಸ್ವಲ್ಪ ಉಪ್ಪು ಖಾರ ಕಳೆದೇ ಓದಬೇಕು. ನೆದರ್ಲೆಂಡ್ಸ್‌ನ ವಿಮಾ ದಾಖಲೆ ಆಧರಿಸಿದ 2017ರ ಲೆಕ್ಕ 375ಕ್ಕೆ ಒಬ್ಬರು. ಯಾವ ಲೆಕ್ಕ ಹಿಡಿದರೂ ನಮ್ಮ ಒಂದೊಂದು ತಾಲ್ಲೂಕಿನಲ್ಲೂ ಇಂಥವರು ಕೈಬೆರಳಿಗಿಂತ ಜಾಸ್ತಿ ಇದ್ದಾರೆ. ಬಹಳಷ್ಟು ಜನ ತಮಗೆ ಬರೀ "ಜಾಸ್ತಿ ನಂಬರ್" ಇದೆ ಅಂದುಕೊಂಡು ಓಡಾಡುತ್ತಿರುತ್ತಾರೆ.

ಇದಕ್ಕೆ ಕನ್ನಡಕ ಯಾಕೆ ಸೋಲುತ್ತದೆ? ಕನ್ನಡಕ ತಿದ್ದುವುದು ಒಂದು ಲೆಕ್ಕಕ್ಕೆ ಸಿಗುವ ತಪ್ಪನ್ನು. ಕಾರ್ನಿಯಾ ಒಂದು ದಿಕ್ಕಿನಲ್ಲಿ ಜಾಸ್ತಿ, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿದ್ದರೆ ಸಿಲಿಂಡರ್ ಹಾಕಿ ಸರಿಮಾಡಬಹುದು. ಆದರೆ ಮೇಲ್ಮೈಯೇ ಅಡ್ಡಾದಿಡ್ಡಿ ಆದಾಗ ಒಂದೊಂದು ಬಿಂದುವೂ ಬೆಳಕನ್ನು ಒಂದೊಂದು ಕಡೆ ಎಸೆಯುತ್ತದೆ. ಮೃದು ಲೆನ್ಸಿನದೂ ಹೆಚ್ಚುಕಮ್ಮಿ ಇದೇ ಕಥೆ. ಅದು ಒದ್ದೆ ಬಟ್ಟೆಯ ಹಾಗೆ ಗುಡ್ಡದ ಮೇಲೆ ಗುಡ್ಡದ ಆಕಾರದಲ್ಲೇ ಮಲಗುತ್ತದೆ. ಕಾಯಿಲೆ ಶುರುವಿನಲ್ಲಿದ್ದರೆ ಸ್ವಲ್ಪ ನಡೆಯುತ್ತದೆ, ಮುಂದೆ ನಡೆಯುವುದಿಲ್ಲ.

ಗಟ್ಟಿ ಲೆನ್ಸ್ ಕಣ್ಣಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಜುಲೈ ತಿಂಗಳಲ್ಲಿ ಹೊಸನಗರದ ಕಡೆಯ ಯಾವುದೇ ರಸ್ತೆಯಲ್ಲಿ ಬೈಕ್ ಓಡಿಸಿ ನೋಡಿ. ಗುಂಡಿಗೆಲ್ಲ ನೀರು ತುಂಬಿ ರಸ್ತೆ ಮಟ್ಟಸವಾಗಿ ಕಾಣುತ್ತದೆ. ಗುಂಡಿ ಎಲ್ಲೂ ಹೋಗಿರುವುದಿಲ್ಲ, ಚಕ್ರ ಇಳಿದಾಗ ಗೊತ್ತಾಗುತ್ತದೆ. ಗಟ್ಟಿ ಲೆನ್ಸ್ ಕಾರ್ನಿಯಾದ ಮೇಲೆ ಕೂತಾಗ ಆಗುವುದೂ ಇದೇ. ಲೆನ್ಸಿಗೂ ಕಾರ್ನಿಯಾಕ್ಕೂ ನಡುವಿನ ಉಬ್ಬುತಗ್ಗನ್ನು ಕಣ್ಣೀರು ತುಂಬಿಕೊಳ್ಳುತ್ತದೆ. ಕಣ್ಣೀರು ಬೆಳಕನ್ನು ಬಾಗಿಸುವ ಪ್ರಮಾಣ ಕಾರ್ನಿಯಾದ್ದಕ್ಕೆ ಬಹಳ ಹತ್ತಿರ: ಒಂದರದ್ದು 1.336, ಇನ್ನೊಂದರದ್ದು 1.376. ಹಾಗಾಗಿ ಹಾದುಹೋಗುವ ಬೆಳಕಿಗೆ ಗುಂಡಿ ಇದ್ದದ್ದೇ ಹೆಚ್ಚುಕಮ್ಮಿ ಗೊತ್ತಾಗುವುದಿಲ್ಲ. ಅದಕ್ಕೆ ಸಿಗುವುದು ಲೆನ್ಸಿನ ನಯವಾದ ಹೊರಮೈ. ಕನ್ನಡಕದಲ್ಲಿ ಮೇಲಿನ ಮೂರು ಸಾಲು ಓದಲು ಒದ್ದಾಡುತ್ತಿದ್ದ ನಾನು ಮೊದಲ ಟ್ರಯಲ್ ಲೆನ್ಸ್ ಹಾಕಿದಾಗ ಕೆಳಗಿನ ಸಾಲಿಗೆ ಇಳಿದೆ. ಕಣ್ಣಿಂದ ಧಾರಾಕಾರ ನೀರು. ಭಾವುಕನಾಗಿದ್ದೇನೆ ಅಂದುಕೊಂಡು ಆಪ್ಟೊಮೆಟ್ರಿಸ್ಟ್, ಅಂದರೆ ನಂಬರ್ ನೋಡಿ ಲೆನ್ಸ್ ಕೂರಿಸುವವರು, ಟಿಶ್ಯೂ ಕೊಟ್ಟರು. ನಿಜ ಹೇಳಬೇಕೆಂದರೆ ಲೆನ್ಸ್ ಚುಚ್ಚುತ್ತಿತ್ತು.

ಕಾಯಿಲೆ ಗೊತ್ತಾದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ "ಲೆನ್ಸಿಗೆ ಎಷ್ಟಾಗುತ್ತೆ?" ಕೇಳಬೇಕಾದ ಪ್ರಶ್ನೆಯೇ. ಗಟ್ಟಿ ಲೆನ್ಸಿಗೆ ಒಂದೊಂದು ಕಣ್ಣಿಗೂ ಸಾವಿರಗಳ ಲೆಕ್ಕದಲ್ಲಿ ಖರ್ಚು, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸಾದರೆ ಅದರ ಹಲವು ಪಟ್ಟು. ಒಂದೆರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಬೇರೆ. ಆದರೆ ಹತ್ತು ವರ್ಷ ಲೆನ್ಸ್ ಹಾಕಿದ ಮೇಲೆ ನನಗನಿಸುವುದು ಬೇರೆ. ಕೊಂಡು ತರುವ ಸಾಮಾನಿನ ಹಾಗೆ ಲೆನ್ಸನ್ನು ನೋಡುವುದರಲ್ಲೇ ಎಡವಟ್ಟಾಗುತ್ತದೆ. ಇದು ಅಂಗಿ ಹೊಲಿಸಿದ ಹಾಗೆ. ಬಟ್ಟೆಯ ದುಡ್ಡು ಒಂದು ಸಲ ಕೊಡುತ್ತೇವೆ, ಅಳತೆಗೆ ಮತ್ತೆ ಮತ್ತೆ ಹೋಗಬೇಕು. ಮೈ ಬದಲಾದ ಹಾಗೆ ಅಂಗಿಯೂ ಬದಲಾಗಬೇಕು. ಬೆಟ್ಟದ ಮೇಲಿನ ನಮಗೆ ಲೆನ್ಸಿನ ದುಡ್ಡಿಗಿಂತ ಆ ಅಳತೆಗಾರರ ದೂರವೇ ಜಾಸ್ತಿ ಬೀಳುತ್ತದೆ.

ಆ ಅಳತೆ ಎಷ್ಟು ಸೂಕ್ಷ್ಮದ್ದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಣ್ಣ ಗಟ್ಟಿ ಲೆನ್ಸ್ ಅಂದರೆ ಆರ್‌ಜಿಪಿ. ಆಮ್ಲಜನಕ ಹಾಯಲು ಬಿಡುವ ಪ್ಲಾಸ್ಟಿಕ್ಕಿನದ್ದು, ಕಾರ್ನಿಯಾದ ಮೇಲೇ ಕೂರುತ್ತದೆ. ಅದು ಶಂಕುವಿನ ತುದಿಯನ್ನು ಒತ್ತಬಾರದು, ಪೂರ್ತಿ ಎತ್ತರದಲ್ಲೂ ನಿಲ್ಲಬಾರದು. ತುದಿಯಲ್ಲಿ ಗರಿ ತಾಗಿದಷ್ಟು, ಅಂಚಿನ ಎರಡು ಕಡೆ ಸ್ವಲ್ಪ ಆಧಾರ. ಇದನ್ನು ನೋಡಲು ಕಣ್ಣಿಗೆ ಫ್ಲೋರೆಸಿನ್ ಎಂಬ ಬಣ್ಣ ಸೋಕಿಸಿ ನೀಲಿ ಬೆಳಕು ಹಾಕುತ್ತಾರೆ. ಕಣ್ಣೀರು ತುಂಬಿದ ಜಾಗ ಹಸಿರಾಗಿ ಹೊಳೆಯುತ್ತದೆ, ಲೆನ್ಸ್ ತಾಗುವ ಜಾಗ ಕಪ್ಪಾಗಿರುತ್ತದೆ. ನಡುವೆ ದೊಡ್ಡ ಕಪ್ಪು ಮಚ್ಚೆ ಕಂಡರೆ ಆ ಲೆನ್ಸ್ ಬೇಡ. ಕೇಳಿದರೆ ರೋಗಿ "ಚೆನ್ನಾಗಿ ಕಾಣ್ತಿದೆ ಡಾಕ್ಟ್ರೇ" ಅನ್ನಬಹುದು. ಒತ್ತುವ ಲೆನ್ಸಿನಲ್ಲಿ ಕೆಲವೊಮ್ಮೆ ಇನ್ನೂ ಚೆನ್ನಾಗಿಯೇ ಕಾಣುತ್ತದೆ! ಅಮೆರಿಕದಲ್ಲಿ 1990ರ ದಶಕದ ನಡುವೆ ಶುರುವಾಗಿ 1,209 ರೋಗಿಗಳನ್ನು ಎಂಟು ವರ್ಷ ಗಮನಿಸಿದ ಕ್ಲೆಕ್ ಎಂಬ ಅಧ್ಯಯನ ಲೆನ್ಸ್ ಬಳಕೆಗೂ ಕಾರ್ನಿಯಾದಲ್ಲಿ ಹೊಸ ಕಲೆ ಮೂಡುವುದಕ್ಕೂ ನಂಟು ಕಂಡಿತು. ಕಲೆ ತುದಿಯಲ್ಲಿ ಬಿದ್ದರೆ ಆಮೇಲೆ ಯಾವ ಲೆನ್ಸಿನಲ್ಲೂ ಮಂಜು ಪೂರ್ತಿ ಹೋಗುವುದಿಲ್ಲ.

ನ್ಯೂಜಿಲೆಂಡಿನ ಪಾಲ್ ರೋಸ್ ಎಂಬ ಆಪ್ಟೊಮೆಟ್ರಿಸ್ಟ್ ಶಂಕುವಿನ ಆಕಾರಕ್ಕೆಂದೇ ರೂಪಿಸಿದ ರೋಸ್ ಕೆ ಲೆನ್ಸ್ ಇದೇ ಜಾತಿಯದ್ದು. ಆರ್‌ಜಿಪಿ ಚುಚ್ಚುತ್ತದೆ ಅನ್ನುವವರಿಗೆ ಕೆಳಗೊಂದು ಮೃದು ಲೆನ್ಸ್ ಹಾಸಿ ಮೇಲೆ ಗಟ್ಟಿಯದನ್ನು ಇಡುವ ಉಪಾಯವೂ ಇದೆ, ಪಿಗ್ಗಿಬ್ಯಾಕ್ ಅಂತ. ನಡುವೆ ಗಟ್ಟಿ, ಸುತ್ತ ಮೃದು ಅಂಚಿರುವ ಹೈಬ್ರಿಡ್ ಲೆನ್ಸ್ ಇನ್ನೊಂದು ದಾರಿ.

ಈಗ ಎಲ್ಲರ ಬಾಯಲ್ಲಿರುವುದು ಸ್ಕ್ಲೀರಲ್ ಲೆನ್ಸ್. ಇದು ಕಾರ್ನಿಯಾವನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಬಿಳಿಭಾಗದ ಮೇಲೆ ಕಾಲೂರಿ, ಕಾರ್ನಿಯಾದ ಮೇಲೆ ಕಮಾನಿನ ಹಾಗೆ ನಿಲ್ಲುತ್ತದೆ. ಒಳಗೆ ಸಲೈನ್ ತುಂಬಿಕೊಂಡೇ ಹಾಕಬೇಕು. ಹದಿನೈದು, ಹದಿನೆಂಟು ಮಿಲಿಮೀಟರ್ ಅಗಲ. ಮೊದಲ ಸಲ ನೋಡಿದವರು "ಇದು ಕಣ್ಣೊಳಗೆ ಹೋಗುತ್ತಾ?" ಅನ್ನುತ್ತಾರೆ. ಹೋಗುತ್ತದೆ. ಬಿಳಿಭಾಗಕ್ಕೆ ನೋವಿನ ಅರಿವು ಕಡಿಮೆ, ಹಾಗಾಗಿ ಚಿಕ್ಕ ಲೆನ್ಸಿಗಿಂತ ಇದೇ ಹಿತ. ತಮಾಷೆ ಏನೆಂದರೆ ಇದು ಎಲ್ಲಕ್ಕಿಂತ ಹಳೆಯದು. 1888ರಲ್ಲಿ ಜೂರಿಕ್‌ನ ಅಡಾಲ್ಫ್ ಫಿಕ್ ಮತ್ತು ಪ್ಯಾರಿಸ್ಸಿನ ಯೂಜೀನ್ ಕಾಲ್ಟ್ ಗಾಜಿನ ಲೆನ್ಸನ್ನು ಕಣ್ಣಿಗೆ ಹಾಕಿ ನೋಡಿದರಲ್ಲ, ಆಗಲೇ ಅವರ ಮನಸ್ಸಿನಲ್ಲಿ ಕೆರಟೋಕೋನಸ್ ಇತ್ತು. ಗಾಜು ಗಾಳಿ ಬಿಡುತ್ತಿರಲಿಲ್ಲ, ಕಣ್ಣು ಉಸಿರುಗಟ್ಟುತ್ತಿತ್ತು. ಆಮ್ಲಜನಕ ಹಾಯಿಸುವ ಪ್ಲಾಸ್ಟಿಕ್ ಬಂದ ಮೇಲೆ ಅಜ್ಜನ ಕಾಲದ ಉಪಾಯಕ್ಕೆ ಮರುಜೀವ ಬಂತು. ಬಾಸ್ಟನ್‌ನಲ್ಲಿ ಬೆಳೆದ ಪ್ರೋಸ್ ಎಂಬ ಬಗೆ ನಮ್ಮ ದೇಶದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ ಮತ್ತು ಚೆನ್ನೈನ ಶಂಕರ ನೇತ್ರಾಲಯದ ಮೂಲಕ ಬಂತು. ಇದರ ಬಲ ಎಷ್ಟು ಅಂದರೆ, ಬೆಲ್ಜಿಯಂನಲ್ಲಿ ಕಾರ್ನಿಯಾ ಬದಲಿಸುವ ಹಂತ ಮುಟ್ಟಿದ್ದ 51 ಕಣ್ಣುಗಳ ಪೈಕಿ 40ರಲ್ಲಿ ಸ್ಕ್ಲೀರಲ್ ಲೆನ್ಸೇ ಸಾಕಾಯಿತು ಎಂದು 2018ರ ವರದಿಯೊಂದು ಹೇಳುತ್ತದೆ.

ಹಾಗಾದರೆ ಎಲ್ಲರಿಗೂ ಸ್ಕ್ಲೀರಲ್ ಹಾಕಿಬಿಡಬಹುದಲ್ಲ? ಇಲ್ಲಿ ನಮ್ಮ ಭೂಗೋಳ ಅಡ್ಡ ಬರುತ್ತದೆ. ಈ ಲೆನ್ಸ್ ಹಾಕಿದ ಕೂಡಲೇ ಫಿಟ್ಟಿಂಗ್ ಸರಿಯಿದೆ ಅನ್ನುವ ಹಾಗಿಲ್ಲ. ಮುಂದಿನ ಕೆಲವು ಗಂಟೆಗಳಲ್ಲಿ ಅದು ಮೆತ್ತಗಿನ ಬಿಳಿಭಾಗದೊಳಕ್ಕೆ ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಇದ್ದ ಅಂತರ ಸಂಜೆಗೆ ಇರುವುದಿಲ್ಲ. ಅದಕ್ಕೇ ಹಾಕಿಕೊಂಡು ಅಲ್ಲೇ ಕೂರಬೇಕು, ಮತ್ತೆ ತೋರಿಸಬೇಕು, ಬದಲಿಸಿದ ಲೆನ್ಸ್ ತಯಾರಾಗಿ ಬಂದ ಮೇಲೆ ಮತ್ತೆ ಹೋಗಬೇಕು. ಆಗುಂಬೆಯ ಹತ್ತಿರದ ಹಳ್ಳಿಯಿಂದ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟು ಕೊನೆಯ ಬಸ್ಸಿಗೆ ಮರಳಬೇಕಾದವರಿಗೆ ಈ ಕೆಲವು ಗಂಟೆ ಕೂರುವುದೇ ದೊಡ್ಡ ಖರ್ಚು. ಬೆಂಗಳೂರಾದರೆ ರೈಲು, ಉಳಿಯಲು ನೆಂಟರ ಮನೆ, ಎರಡು ದಿನದ ಕೂಲಿ. ಜಿಲ್ಲೆಯಲ್ಲಿ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಇದೆ, ಹರಕೆರೆಯಲ್ಲಿ ಶಂಕರ ಕಣ್ಣಾಸ್ಪತ್ರೆ ಇದೆ. ಪೊರೆ ಆಪರೇಷನ್ನಿಗೆ ಹಳ್ಳಿಯಿಂದ ವ್ಯಾನಿನಲ್ಲಿ ಕರೆದೊಯ್ದು ಬಿಡುವ ಏರ್ಪಾಡನ್ನು ನಮ್ಮ ಜನ ಚೆನ್ನಾಗಿ ಬಲ್ಲರು. ಪೊರೆ ಒಂದು ಸಲದ ಕೆಲಸ, ಅದಕ್ಕೆ ಶಿಬಿರ ಸರಿ. ಲೆನ್ಸ್ ವರ್ಷಗಟ್ಟಲೆ ನಡೆಯುವ ಕೆಲಸ, ಅದು ಶಿಬಿರಕ್ಕೆ ಒಗ್ಗುವುದಿಲ್ಲ.

ನೀರಿನ ವಿಷಯ ಇನ್ನೊಂದು. ನಮ್ಮಲ್ಲಿ ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಿನ ಮೇಲೆ ಎಲ್ಲರಿಗೂ ಹೆಮ್ಮೆ. "ಇದಕ್ಕಿಂತ ಶುದ್ಧ ನೀರು ಎಲ್ಲಿದೆ, ಇದ್ರಲ್ಲೇ ತೊಳಿ" ಎಂದು ನಮ್ಮಮ್ಮ ಎಷ್ಟು ಸಲ ಹೇಳಿದ್ದಾರೋ. ಕುಡಿಯಲು ಅದು ಅಮೃತವೇ ಇರಲಿ. ಲೆನ್ಸಿಗೆ ಮಾತ್ರ ಅಬ್ಬಿ ನೀರೂ ಬೇಡ, ಬಾವಿ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಮಣ್ಣು ನೀರಿನಲ್ಲಿ ಸಾಮಾನ್ಯವಾಗಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿ ಸೇರಿದರೆ ಕಾರ್ನಿಯಾಕ್ಕೆ ಹತ್ತುವ ಸೋಂಕು ವಿಪರೀತ ನೋವಿನದ್ದು, ಔಷಧಿ ತಿಂಗಳುಗಟ್ಟಲೆ. ದೃಷ್ಟಿಯೇ ಹೋಗಬಹುದು. ಸ್ಕ್ಲೀರಲ್‌ಗೆ ತುಂಬುವ ಸಲೈನ್ ಪ್ರಿಸರ್ವೇಟಿವ್ ಇಲ್ಲದ್ದೇ ಆಗಬೇಕು. ಅಂಥದ್ದು ಒಮ್ಮೆ ಒಡೆದರೆ ಕೆಡದಂತೆ ಕಾಯುವವರು ಯಾರೂ ಇಲ್ಲ, ಹಾಗಾಗಿ ಒಂದೇ ಸಲ ಬಳಸಿ ಬಿಸಾಡುವ ಪುಟ್ಟ ಡಬ್ಬಿಯೇ ಒಳ್ಳೆಯದು. ದೊಡ್ಡ ಬಾಟಲಿ ತಂದು ತಿಂಗಳು ಎಳೆಯುವವರನ್ನು ನೋಡಿದ್ದೇನೆ. ತಪ್ಪು ಅವರದೊಂದೇ ಅಲ್ಲ. ಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಆ ಪುಟ್ಟ ಡಬ್ಬಿ ಕೇಳಿ ನೋಡಿ, ಗೊತ್ತಾಗುತ್ತದೆ.

ಇನ್ನು ಅಡಿಕೆ ತೋಟದ ಬದುಕು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಹೊಡೆಯುವಾಗ ನಾನು ಲೆನ್ಸ್ ಹಾಕುವುದಿಲ್ಲ. ಒಂದು ಹನಿ ಲೆನ್ಸಿನ ಅಡಿಗೆ ಹೋದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತರೆ ಹೊಗೆಗೆ ಕಣ್ಣು ಒಣಗಿ ಸಣ್ಣ ಲೆನ್ಸ್ ಹಾರಿ ಬಿದ್ದದ್ದುಂಟು. ಒಮ್ಮೆ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಬಿತ್ತು. ಮನೆಯವರೆಲ್ಲ ಹುಡುಕಿದರು. ಮಾರನೇ ದಿನ ಬೆಳಿಗ್ಗೆ ಓರೆ ಬಿಸಿಲಿಗೆ ಹೊಳೆದಿದ್ದರಿಂದ ಸಿಕ್ಕಿತು. ಆದರೂ ಹೊಸದೇ ಮಾಡಿಸಬೇಕಾಯಿತು, ಗೀರು ಬಿದ್ದಿತ್ತು.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಬೀಳುವ ಗುಂಡಿ ಒಂದಿದೆ. ಅದು ಮಳೆ ನೀರು ಮುಚ್ಚಿದ್ದೇ. ಲೆನ್ಸ್ ಹಾಕಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಕಾಯಿಲೆ ನಿಲ್ಲುವುದಿಲ್ಲ. ಲೆನ್ಸಿನ ಅಡಿಯಲ್ಲಿ ಕಾರ್ನಿಯಾ ಇನ್ನೂ ತೆಳುವಾಗುತ್ತಿರಬಹುದು, ಬೋರ್ಡಿನ ಕೊನೆಯ ಸಾಲನ್ನು ನಾವು ಆರಾಮಾಗಿ ಓದುತ್ತಿರಬಹುದು. ಕಾಯಿಲೆಯನ್ನು ನಿಲ್ಲಿಸುವ ಚಿಕಿತ್ಸೆಯೇ ಬೇರೆ, ಕ್ರಾಸ್‌ಲಿಂಕಿಂಗ್. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟರೆ ಕಾರ್ನಿಯಾದ ಎಳೆಗಳ ನಡುವೆ ಹೊಸ ಕೊಂಡಿಗಳು ಬಿದ್ದು ಅದು ಬಿಗಿಯಾಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬೆಳೆದ ಈ ವಿಧಾನದ ಮೊದಲ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹೆಚ್ಚಿನವರಲ್ಲಿ ಉಬ್ಬು ಅಲ್ಲಿಗೇ ನಿಲ್ಲುತ್ತದೆ. ಆದರೆ ಮೂಲ ವಿಧಾನಕ್ಕೆ ಕಾರ್ನಿಯಾ 400 ಮೈಕ್ರಾನಿನಷ್ಟಾದರೂ, ಅಂದರೆ 0.4 ಮಿಲಿಮೀಟರ್, ದಪ್ಪ ಉಳಿದಿರಬೇಕು. ತಡ ಮಾಡಿದಷ್ಟೂ ಆ ಬಾಗಿಲು ಮುಚ್ಚುತ್ತಾ ಬರುತ್ತದೆ. ಇದರಿಂದ ದೃಷ್ಟಿ ತಾನಾಗಿ ಸ್ಪಷ್ಟವಾಗುವುದಿಲ್ಲ, ಆಮೇಲೂ ಲೆನ್ಸ್ ಬೇಕು. "ಇಷ್ಟು ಖರ್ಚು ಮಾಡಿಯೂ ಲೆನ್ಸ್ ಹಾಕ್ಬೇಕಾ?" ಎಂದು ಅಪ್ಪ ಕೇಳಿದ್ದರು. ಸೋರುವ ಮಾಡು ರಿಪೇರಿ ಮಾಡಿದರೆ ಒಳಗಿನ ಒದ್ದೆ ಗೋಡೆ ತಾನಾಗಿ ಬೆಳ್ಳಗಾಗುತ್ತದೆಯೇ, ಸುಣ್ಣ ಬೇರೆ ಹೊಡೆಯಬೇಕಲ್ಲ ಎಂದೆ. ಒಪ್ಪಿದರು.

ವ್ಯವಸ್ಥೆ ಎಲ್ಲಿ ಸರಿಯಾಗಬೇಕು ಅಂತ ಕೇಳಿದರೆ ನಾನು ದೊಡ್ಡ ಯಂತ್ರದ ಮಾತಾಡುವುದಿಲ್ಲ. ಅನುಮಾನ ಪಡಲು ಯಂತ್ರ ಬೇಕಾಗಿಲ್ಲ. ನಂಬರ್ ನೋಡುವಾಗ ಬಳಸುವ ರೆಟಿನೋಸ್ಕೋಪಿನ ಬೆಳಕು ಕೆರಟೋಕೋನಸ್ ಕಣ್ಣಿನಲ್ಲಿ ಕತ್ತರಿಯ ಎರಡು ಅಲಗಿನ ಹಾಗೆ ಆಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ನೋಡುವವರಿಗೆ ಆ ಉಪಕರಣದ ಪರಿಚಯ ಇದ್ದೇ ಇರುತ್ತದೆ. ಹದಿಹರೆಯದ ಹುಡುಗ, ವರ್ಷದಲ್ಲಿ ಎರಡು ಸಲ ಸಿಲಿಂಡರ್ ಬದಲಾಗಿದೆ, ಕನ್ನಡಕ ಹಾಕಿದರೂ ಕೊನೆಯ ಸಾಲು ಬರುತ್ತಿಲ್ಲ, ಕಣ್ಣು ಸದಾ ಉಜ್ಜುತ್ತಾನೆ. ಇಷ್ಟು ಕಂಡರೆ ಹೊಸ ಕನ್ನಡಕ ಬರೆಯುವ ಬದಲು ಕಾರ್ನಿಯಾ ನಕ್ಷೆಗೆ ಕಳಿಸಬೇಕು. ಅಲ್ಲಿಂದಾಚೆ ಶಿವಮೊಗ್ಗದಂಥ ಜಿಲ್ಲಾ ಕೇಂದ್ರದಲ್ಲಿ ಲೆನ್ಸ್ ಕೂರಿಸುವುದನ್ನೇ ಕಲಿತ, ಪೂರ್ತಿ ಟ್ರಯಲ್ ಸೆಟ್ ಇಟ್ಟುಕೊಂಡ, ವರ್ಗಾವಣೆಯಾಗದೆ ಉಳಿಯುವ ಒಬ್ಬಿಬ್ಬರು ಆಪ್ಟೊಮೆಟ್ರಿಸ್ಟ್‌ಗಳು ಸಿಕ್ಕರೂ ಸಾಕು. ಬೆಟ್ಟದ ಮೇಲಿನವರ ಎಷ್ಟೋ ಪ್ರಯಾಣ ಅರ್ಧಕ್ಕಿಳಿಯುತ್ತದೆ. ಲೆನ್ಸನ್ನು ಶೋಕಿ ಎಂದು ನೋಡುವ ಮನೆಗಳೂ ಇವೆ. ಹೆಣ್ಣುಮಕ್ಕಳಿಗಂತೂ "ಮದುವೆ ಹೊತ್ತಿಗೆ ಹಾಕಿದ್ರಾಯ್ತು" ಎಂಬ ಮಾತು ಬೇರೆ. ಕನ್ನಡಕದಲ್ಲಿ ಕಾಣದವರಿಗೆ ಇದು ಊರುಗೋಲಿನಷ್ಟೇ ಅಗತ್ಯದ ಸಾಮಾನು.

ಉಜ್ಜುವ ಮಾತು ಬಂತಲ್ಲ. ಕಣ್ಣು ಉಜ್ಜುವುದಕ್ಕೂ ಈ ಕಾಯಿಲೆಗೂ ಬಲವಾದ ನಂಟಿದೆ. ಅದೊಂದೇ ಕಾರಣವೇ ಎಂಬ ಜಗಳ ಪರಿಣತರಲ್ಲಿ ಇನ್ನೂ ಮುಗಿದಿಲ್ಲ, ಮನೆತನದಲ್ಲಿ ಹರಿದು ಬರುವುದೂ ಉಂಟು. ಅಲರ್ಜಿಯಿಂದ ಕಣ್ಣು ತುರಿಸುವ ಮಕ್ಕಳಿಗೆ ಮೊದಲು ತುರಿಕೆ ನಿಲ್ಲಬೇಕು. ಆದರೆ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ತಂದ ಸ್ಟೀರಾಯ್ಡ್ ಹನಿಯಿಂದಲ್ಲ. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ ನಿಜ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಪೊರೆ ಎರಡೂ ಬರಬಹುದು.

ಕೊನೆಯ ದಾರಿ ಕಾರ್ನಿಯಾ ಕಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ನಾರಾಯಣ ನೇತ್ರಾಲಯದ ವೈದ್ಯರು ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದ್ದು ನೆನಪಿರಬೇಕು. ಪದರ ಬಿಡಿಸುವ ಆ ವಿದ್ಯೆಯೇ ಕೆರಟೋಕೋನಸ್‌ಗೂ ಬೇಕಾಗುವುದು. ಇಲ್ಲಿ ಹಾಳಾಗಿರುವುದು ಮುಂದಿನ ಪದರಗಳು. ಹಿಂದಿನ ಪದರ ಚೆನ್ನಾಗಿದ್ದರೆ ರೋಗಿಯದ್ದನ್ನೇ ಉಳಿಸಿಕೊಂಡು ಮುಂದಿನದ್ದನ್ನು ಮಾತ್ರ ಬದಲಿಸುತ್ತಾರೆ. ಕಸಿ ಆದವರಲ್ಲೂ ಎಷ್ಟೋ ಜನರಿಗೆ ಚೆನ್ನಾಗಿ ಕಾಣಲು ಮತ್ತೆ ಗಟ್ಟಿ ಲೆನ್ಸೇ ಬೇಕಾಗುತ್ತದೆ. ಅಲ್ಲಿಗೆ ಮತ್ತೆ ಅದೇ ಅಳತೆಗಾರರ ಬಾಗಿಲು.

ನನ್ನ ಮುಂದಿನ ನಕ್ಷೆ ಶ್ರಾವಣದಲ್ಲಿ. ಗಟ್ಟಿ ಲೆನ್ಸ್ ಕಾರ್ನಿಯಾದ ಆಕಾರವನ್ನು ಸ್ವಲ್ಪ ಒತ್ತಿಟ್ಟಿರುತ್ತದೆ, ನಿಜವಾದ ಅಳತೆ ಸಿಗಬೇಕಾದರೆ ಎರಡು ಮೂರು ವಾರ ತೆಗೆದಿಡಬೇಕು. ಅಷ್ಟು ದಿನ ತೋಟದ ಲೆಕ್ಕ ತಂಗಿ ಬರೆಯುತ್ತಾಳೆ. ಬೈಕಿನ ಕೀಲಿಯೂ ಅವಳ ಹತ್ತಿರವೇ. ಈಗಲೇ ಕೇಳಿದ್ದಾಳೆ, ಚೌತಿಗೆ ಮೊದಲು ಲೆನ್ಸ್ ವಾಪಸ್ ಹಾಕ್ತೀಯೋ ಇಲ್ವೋ ಅಂತ.